ಕುಚ್ಚು ಉಚಿತವಂತೆ!

ಅಣ್ಣನ ಮೊಮ್ಮಗಳ ಮದುವೆಗೆ ಜವಳಿ ತೆಗೆಯಲೆಂದು ಹೋದ ವರ್ಷ ನಾವು ಐದು ಜನ ಹೆಂಗಸರು ಮೈಸೂರಿನ ಒಂದು ದೊಡ್ಡ ಸೀರೆ ಅಂಗಡಿಯ ಮೆಟ್ಟಿಲು ಹತ್ತಿದೆವು. ಅಂಗಡಿಯ ಹೆಸರು ಬೇಡ. ಹೆಸರು ಹೇಳಿದರೆ ತಪ್ಪೆಲ್ಲ ಆ ಒಂದು ಅಂಗಡಿಯದು ಎಂದುಕೊಂಡು ನೀವು ನಿರಾಳವಾಗಿಬಿಡುತ್ತೀರಿ; ಆ ಅವಕಾಶ ಕೊಡಲು ನನಗೆ ಮನಸ್ಸಿಲ್ಲ. ಗಾಜಿನ ಬಾಗಿಲಿಗೆ ಒಂದು ಕೆಂಪು ಚೀಟಿ ಅಂಟಿಸಿದ್ದರು: 'ಹತ್ತು ಸಾವಿರಕ್ಕೆ ಮೇಲ್ಪಟ್ಟ ಪ್ರತಿ ರೇಷ್ಮೆ ಸೀರೆಗೂ ಫಾಲ್ಸ್, ಜಿಗ್‌ಜಾಗ್ ಮತ್ತು ಕ್ರೋಶಾ ಕುಚ್ಚು ಉಚಿತ.' ನಮ್ಮ ಅತ್ತಿಗೆಗೆ 'ಉಚಿತ' ಎಂಬ ಪದ ಕಣ್ಣಿಗೆ ಬಿದ್ದರೆ ಸಾಕು, ಮಂಡಿನೋವು ಮರೆತುಹೋಗುತ್ತದೆ. ಎಂಟು ಸಾವಿರದ ಸೀರೆ ಒಪ್ಪಿದ್ದವರು ಹತ್ತೂವರೆ ಸಾವಿರದ್ದಕ್ಕೆ ಏರಿದರು.

ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ ಬಾಯಿ, ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ. "ಕುಚ್ಚು ಉಚಿತ ಅಂದ್ರೆ ಹಾಕೋರಿಗೆ ದುಡ್ಡು ಯಾರು ಕೊಡ್ತಾರಪ್ಪ?" ಎಂದು ಕೇಳಿದೆ. ಸೀರೆ ಹರವುತ್ತಿದ್ದ ಹುಡುಗ ತಲೆ ಎತ್ತದೆ, "ಅಯ್ಯೋ ಅದೇನ್ ಬಿಡಿ ಆಂಟಿ, ಮನೇಲಿರೋ ಹೆಂಗಸ್ರು ಟೈಂಪಾಸಿಗೆ ಹಾಕ್ಕೊಡ್ತಾರೆ" ಎಂದ. ನಮ್ಮವರೆಲ್ಲ ಹೌದೆಂದು ತಲೆಯಾಡಿಸಿದರು. ಒಬ್ಬರಂತೂ, "ಸೀರಿಯಲ್ ನೋಡ್ತಾ ನೋಡ್ತಾ ಒಂದು ಸೀರೆ ಮುಗಿಸಿಬಿಡ್ತಾರಂತೆ" ಎಂದು ಸೇರಿಸಿದರು.

ಈ ಬರಹ ಆ ಒಂದು ಮಾತಿನ ಮೇಲಿನ ಜಗಳ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಹನ್ನೊಂದು ತಾಸು ನಿಂತೇ ಇರುವ ಕೆಲಸ. ಮಾತು ಅವನದ್ದೂ ಅಲ್ಲ. ನಾವು ಮೂರ್ನಾಲ್ಕು ತಲೆಮಾರಿನಿಂದ ಆಡಿಕೊಂಡು ಬಂದದ್ದನ್ನು ಅವನು ನಮಗೇ ಹಿಂದಿರುಗಿಸಿದ, ಅಷ್ಟೆ.

ಮೊದಲು ಕುಚ್ಚು ಎಂದರೇನು ಎಂಬುದನ್ನು ನೋಡಿ. ದಿನಾ ಸೀರೆ ಉಡುವವರೂ ಇದನ್ನು ಸರಿಯಾಗಿ ಗಮನಿಸಿರುವುದಿಲ್ಲ. ಮಗ್ಗದಿಂದ ಕತ್ತರಿಸಿ ತೆಗೆದ ಸೀರೆಯ ಸೆರಗಿನ ತುದಿಯಲ್ಲಿ ಹೊಕ್ಕಿನ ನೂಲು ಮುಗಿದು ಬರೀ ಹಾಸಿನ ಎಳೆಗಳು ಗೇಣುದ್ದ ಜೋತಾಡುತ್ತಿರುತ್ತವೆ. ಹಾಗೇ ಬಿಟ್ಟರೆ ನೇಯ್ಗೆ ತುದಿಯಿಂದ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಆ ಎಳೆಗಳನ್ನು ಹಿಡಿಹಿಡಿಯಾಗಿ ಸೇರಿಸಿ ಗಂಟು ಹಾಕಿ ಬಿಗಿಯುವುದೇ ಹಳೆಯ ಕುಚ್ಚು. ನಮ್ಮಜ್ಜಿಯ ಕಾಲದಲ್ಲಿ ಇದ್ದದ್ದು ಅದೊಂದೇ. ಅಂದರೆ ಚೆಂದಕ್ಕಿಂತ ಮೊದಲು ಅದು ಕಾವಲು. ಕ್ರೋಶಾ ಕುಚ್ಚು ಆಮೇಲೆ ಬಂತು. ಇದರಲ್ಲಿ ಜೋತಾಡುವ ಎಳೆಯನ್ನು ಕತ್ತರಿಸಿ, ತುದಿಯನ್ನು ಮಡಿಸಿ ಹೊಲಿದು, ಆ ಮಡಿಕೆಯ ಮೇಲೆ ಸಣ್ಣ ಉಕ್ಕಿನ ಕೊಕ್ಕೆಕಡ್ಡಿಯಿಂದ ದಾರದ ಕುಣಿಕೆಗಳನ್ನು ಎಳೆದು ಎಳೆದು ಒಂದು ಅಂಚನ್ನೇ ಕಟ್ಟುತ್ತಾರೆ. ಅದಕ್ಕೆ ಮಣಿ, ಅದಕ್ಕೆ ಕಮಾನು, ಅದರ ತುದಿಗೆ ಗೊಂಡೆ.

ಈ ಕಡ್ಡಿ ಒಂದು ಮಿಲಿಮೀಟರಿನ ಆಸುಪಾಸಿನದು. ಬಟ್ಟೆಯನ್ನು ಚುಚ್ಚಿ ಹೋಗಬೇಕು, ರೇಷ್ಮೆಯ ಎಳೆ ಹರಿಯಬಾರದು, ಬರುವಾಗ ದಾರವನ್ನು ಕಚ್ಚಿಕೊಂಡು ಬರಬೇಕು. ಇಂಚಿಗೆ ಇಷ್ಟೇ ಕುಣಿಕೆ ಎಂದು ಕೈಗೆ ಲೆಕ್ಕ ಇರಬೇಕು. ಹೆಚ್ಚಾದರೆ ಅಂಚು ಹಪ್ಪಳದಂತೆ ಅಲೆಅಲೆಯಾಗಿ ಏಳುತ್ತದೆ. ಕಡಿಮೆಯಾದರೆ ಸೆರಗು ಸುರುಟಿಕೊಂಡು ನೆರಿಗೆ ಬೀಳುತ್ತದೆ. ಮೂಲೆ ತಿರುಗಿಸುವಾಗ ಒಂದೇ ತೂತಿನಲ್ಲಿ ಮೂರು ಹಾಕಬೇಕು, ಇಲ್ಲದಿದ್ದರೆ ಕರವಸ್ತ್ರದ ಮೂಲೆ ನಾಯಿಕಿವಿಯ ಹಾಗೆ ಮಡಚಿಕೊಳ್ಳುತ್ತದೆ. ಇನ್ನು ಹೆಸರುಗಳ ಗೊಂದಲ ಬೇರೆ. ಇಂಗ್ಲೆಂಡಿನವರು 'ಡಬಲ್' ಎನ್ನುವ ಹೊಲಿಗೆಯನ್ನೇ ಅಮೆರಿಕದವರು 'ಸಿಂಗಲ್' ಎನ್ನುತ್ತಾರೆ. ಒಂದು ದೇಶದ ಪುಸ್ತಕ ನೋಡಿ ಕಲಿತವರು ಇನ್ನೊಂದು ದೇಶದ ನಮೂನೆ ಓದಿ ಹಾಕಿದರೆ ಅಂಗೈಯಗಲದ ಹೂವು ತಟ್ಟೆಯಗಲ ಆಗುತ್ತದೆ. ನಮ್ಮ ಹೆಂಗಸರು ಪುಸ್ತಕದ ಗೊಡವೆಗೇ ಹೋಗದೆ ಒಬ್ಬರ ಕೈ ನೋಡಿ ಒಬ್ಬರು ಕಲಿತದ್ದರಿಂದ ಬಚಾವಾದರು.

ನಮ್ಮ ಮನೆಯಿಂದ ಮೂರು ರಸ್ತೆ ಆಚೆ ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳಿದ್ದಾಳೆ. ಹೆಸರು ಬರೆಯಬೇಡಿ ಮೇಡಂ ಎಂದು ಕೈ ಮುಗಿದಿದ್ದಾಳೆ, ಬರೆಯುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ತರಗತಿಯಲ್ಲಿದ್ದವಳು. ಗಣಿತದಲ್ಲಿ ಚುರುಕು. ಹತ್ತನೇ ತರಗತಿ ಮುಗಿದ ಎರಡು ವರ್ಷಕ್ಕೆ ಮದುವೆಯಾಯಿತು. ಈಗ ಅಂಗಡಿಗಳಿಗೆ ಕುಚ್ಚು ಹಾಕುತ್ತಾಳೆ. ಆ ಜವಳಿಯ ಗಲಾಟೆ ಮುಗಿದ ಮೇಲೆ ಒಂದು ದಿನ ಅವಳ ಮನೆಗೆ ಹೋಗಿ, "ಒಂದು ಸೀರೆ ಶುರುವಿಂದ ಕೊನೆವರೆಗೆ ಹಾಕಮ್ಮ, ನಾನು ಪಕ್ಕದಲ್ಲೇ ಕೂತ್ಕೋತೀನಿ" ಎಂದೆ. ಅವಳಿಗೆ ನಗು. "ಏನ್ ಮೇಡಂ, ಪರೀಕ್ಷೆ ಹಾಲಲ್ಲಿ ಕೂತಂಗೆ ಕೂತ್ಕೋತೀರಾ?"

ಕೂತೆ. ಗಡಿಯಾರ ನೋಡಿಕೊಂಡೇ ಕೂತೆ.

ಸೆರಗಿನ ಅಗಲ 46 ಇಂಚು. ಮೊದಲ ಸಾಲಿನಲ್ಲಿ ಇಂಚಿಗೆ ಒಂಬತ್ತರಂತೆ 414 ಕುಣಿಕೆ, ಪ್ರತಿಯೊಂದೂ ಬಟ್ಟೆಯನ್ನು ಚುಚ್ಚಿಯೇ ಬರಬೇಕು. ಅದಕ್ಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಎರಡನೆಯ ಸಾಲು ಚೈನಿನ ಕಮಾನುಗಳು, ಐವತ್ತು ನಿಮಿಷ. ಮೂರನೆಯದರಲ್ಲಿ ಪ್ರತಿ ಕಮಾನಿಗೂ ಒಂದು ಮಣಿ ಸಿಕ್ಕಿಸಿ ಚಿಪ್ಪಿನ ಆಕಾರ ತೆಗೆಯಬೇಕು. ಇದು ಮುಗಿಯುವಾಗ ಇನ್ನೊಂದೂವರೆ ಗಂಟೆ ಕಳೆದಿತ್ತು. ಕೊನೆಗೆ ಗೊಂಡೆ. ಮುಕ್ಕಾಲು ಇಂಚಿಗೊಂದರಂತೆ 61 ಗೊಂಡೆ. ದಾರವನ್ನು ಎಳೆಎಳೆಯಾಗಿ ಸೇರಿಸಿ, ಸುತ್ತಿ, ಕುತ್ತಿಗೆಗೆ ಜರಿ ಬಿಗಿದು, ತುದಿ ಒಂದೇ ಸಮ ಕತ್ತರಿಸಿ. ಇದಕ್ಕೇ ಎರಡು ಗಂಟೆ. ಒಟ್ಟು ಐದೂವರೆ ಗಂಟೆ. ಈ ನಡುವೆ ಅವಳು ಏಳು ಸಲ ಎದ್ದಳು: ಕುಕ್ಕರು, ಬಾಗಿಲು, ನಲ್ಲಿ ನೀರು, ಅತ್ತೆಯ ಮಾತ್ರೆ, ಮತ್ತೆ ಬಾಗಿಲು, ಮಗನ ಊಟ, ಗ್ಯಾಸಿನವನು. ಆ ಎದ್ದ ಹೊತ್ತನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಟಿ.ವಿ. ಹಾಕಿತ್ತು, ನಿಜ. ಅವಳು ಅದರತ್ತ ನೋಡಿದ್ದನ್ನು ನಾನು ಕಾಣೆ. ಕಣ್ಣು ತೆಗೆದರೆ ಕುಣಿಕೆ ತಪ್ಪುತ್ತದೆ, ತಪ್ಪಿದರೆ ಅಲ್ಲಿಯವರೆಗೆ ಬಿಚ್ಚಬೇಕು. ಸದ್ದಿಗೆ ಇರಲಿ ಎಂದು ಹಾಕಿಕೊಂಡಿರುತ್ತಾಳಂತೆ.

ಇದಕ್ಕೆ ಅಂಗಡಿ ಕೊಡುವುದು 180 ರೂಪಾಯಿ. ದಾರ, ಮಣಿ ಅವಳದೇ. ಅದಕ್ಕೆ 40 ಕಳೆಯಿರಿ. ಉಳಿದದ್ದು 140. ಐದೂವರೆ ಗಂಟೆಗೆ ಭಾಗಿಸಿದರೆ ಗಂಟೆಗೆ 25 ರೂಪಾಯಿ ಚಿಲ್ಲರೆ. ನಮ್ಮ ಬೀದಿಯ ಕೊನೆಯ ಹೋಟೆಲಿನಲ್ಲಿ ಅದಕ್ಕೆ ಒಂದು ಕಾಫಿ ಬರುತ್ತದೆ, ವಡೆ ಬರುವುದಿಲ್ಲ. ಅದೇ ಅಂಗಡಿ, 'ಉಚಿತ'ದ ಮಿತಿಯೊಳಗೆ ಬಾರದ ಸೀರೆಗೆ ಗಿರಾಕಿಯಿಂದ ಇದೇ ನಮೂನೆಗೆ 650 ರೂಪಾಯಿ ತೆಗೆದುಕೊಳ್ಳುತ್ತದೆ. ಈ ಭಾಗಾಕಾರ ಮಾಡಿದ್ದು ನಾನಲ್ಲ, ಅವಳೇ. ಎಷ್ಟೋ ವರ್ಷದಿಂದ ಮನಸ್ಸಿನಲ್ಲಿ ಮಾಡಿಟ್ಟುಕೊಂಡಿದ್ದಳು. ನಾನು ಕೇಳಿದ್ದಕ್ಕೆ ತಡವರಿಸದೆ ಹೇಳಿದಳು, ಅಷ್ಟೆ.

"ಮತ್ಯಾಕಮ್ಮ ಜಾಸ್ತಿ ಕೇಳಲ್ಲ?" ಎಂದೆ.

"ಕೇಳಿದ್ರೆ ಮೇಡಂ, ನಿಮಗೇನ್ ಬಾಡಿಗೆ ಕಟ್ಬೇಕಾ, ಮನೇಲಿ ಸುಮ್ನೆ ಕೂತಿರ್ತೀರಲ್ಲ ಅಂತಾರೆ."

ಸುಮ್ಮನೆ ಕೂತಿರುವುದು! ಆ ಮನೆಯಲ್ಲಿ ಸುಮ್ಮನೆ ಕೂತಿದ್ದವಳು ಆ ದಿನ ನಾನೊಬ್ಬಳೇ.

ಈಗ ನನ್ನ ಕಥೆಯನ್ನೂ ಹೇಳಬೇಕು. ಇಲ್ಲದಿದ್ದರೆ ಊರಿಗೆಲ್ಲ ಉಪದೇಶ ಹೇಳಿ ಮನೆಯ ಕಸ ಮುಚ್ಚಿಟ್ಟ ಹಾಗಾಗುತ್ತದೆ. ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ. ಅಪ್ಪ ರೈಲ್ವೆಯಲ್ಲಿ ಗುಮಾಸ್ತೆ. ಅಮ್ಮನ ಕೈಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಯಾವಾಗಲೂ ಕ್ರೋಶಾ ಕಡ್ಡಿ. ನಮ್ಮ ಮನೆಯಲ್ಲಿ ಅಂಚಿಲ್ಲದ ಬಟ್ಟೆಯೇ ಇರಲಿಲ್ಲ. ದಿಂಬಿನ ಚೀಲಕ್ಕೆ ಅಂಚು, ರೇಡಿಯೋ ಮುಚ್ಚುವ ಬಟ್ಟೆಗೆ ಅಂಚು, ಹಾಲಿನ ಪಾತ್ರೆಯ ಮೇಲಿನ ಬಲೆಯ ಸುತ್ತ ಗಾಳಿಗೆ ಹಾರದಂತೆ ಭಾರಕ್ಕೆ ನೀಲಿ ಮಣಿ. ನನಗೂ ಕಡ್ಡಿ ಹಿಡಿಸಲು ನೋಡಿದರು. ನಾನು ಹಿಡಿಯಲಿಲ್ಲ. ಕಾಲೇಜಿಗೆ ಬಂದಮೇಲಂತೂ, ಹೆಣ್ಣುಮಕ್ಕಳನ್ನು ತಲೆ ತಗ್ಗಿಸಿ ಮೂಲೆಯಲ್ಲಿ ಕೂರಿಸಲು ಗಂಡಸರು ಹೂಡಿದ ಉಪಾಯ ಈ ಕಸೂತಿ, ಲೇಸು ಎಂದು ಚರ್ಚಾಸ್ಪರ್ಧೆಯಲ್ಲಿ ಮಾತಾಡಿ ಬಹುಮಾನವನ್ನೂ ತಂದೆ. ಬಹುಮಾನದ ಬಟ್ಟಲನ್ನು ಅಮ್ಮ ಶೋಕೇಸಿನಲ್ಲಿಟ್ಟರು. ಕೆಳಗೆ ಒಂದು ಲೇಸಿನ ಚೌಕ ಹಾಸಿದರು.

1971ರ ಜನಗಣತಿಗೆ ನಮ್ಮ ಮನೆಗೆ ಪ್ರೈಮರಿ ಶಾಲೆಯ ಮೇಷ್ಟರು ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ನನಗೆ ಹದಿನಾಲ್ಕು ವರ್ಷ. ಆ ಗಣತಿಯಲ್ಲಿ ಪ್ರತಿಯೊಬ್ಬರ ಮುಖ್ಯ ಚಟುವಟಿಕೆ ಯಾವುದೆಂದು ಬರೆದುಕೊಳ್ಳುತ್ತಿದ್ದರು. ಅಪ್ಪ ತಮ್ಮ ಹುದ್ದೆಯನ್ನು ವಿಸ್ತಾರವಾಗಿ ಹೇಳಿದರು. "ಮನೆಯವರು?" ಎಂದು ಮೇಷ್ಟರು ಕೇಳಿದಾಗ, "ಅವಳೇನೂ ಇಲ್ಲ, ಮನೇಲಿರ್ತಾಳೆ" ಎಂದರು. ಅಪ್ಪ ಒಳ್ಳೆಯವರು, ಅಮ್ಮನಿಗೆ ಒಂದು ದಿನ ಗದರಿದವರಲ್ಲ. ಅಮ್ಮ ಬಾಗಿಲ ಹಿಂದೆ ನಿಂತು ಕಡ್ಡಿ ಆಡಿಸುತ್ತಲೇ ಇದ್ದರು. ದೇಶದ ಲೆಕ್ಕದಲ್ಲಿ ಆಕೆ ದುಡಿಯದವರ ಕಡೆಗೆ ಸೇರಿಹೋದರು. ಅವರೊಬ್ಬರೇ ಅಲ್ಲ, ಆ ವರ್ಷದ ಗಣತಿಯಲ್ಲಿ ದುಡಿಯುವ ಹೆಂಗಸರ ಸಂಖ್ಯೆ ಹಿಂದಿನ ಗಣತಿಗಿಂತ ಬಹಳ ಇಳಿದು ಕಂಡದ್ದು, ಪ್ರಶ್ನೆ ಕೇಳಿದ ರೀತಿಯೇ ಅದಕ್ಕೆ ಒಂದು ಕಾರಣವೆಂದು ಆಮೇಲೆ ಪಂಡಿತರು ವಾದ ಮಾಡಿದ್ದು ಗ್ರಂಥಗಳಲ್ಲಿದೆ.

ಅಮ್ಮ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಒಂದು ಲೆಕ್ಕದ ಪುಸ್ತಕ ಸಿಕ್ಕಿತು. ಹಾಲು, ಸೌದೆ, ಸೀಮೆಎಣ್ಣೆಗಳ ನಡುವೆ ಆಗಾಗ ಒಂದು ಸಾಲು: ಲೇಸು, ಇಷ್ಟು ಗಜ, ಇಷ್ಟು ರೂಪಾಯಿ. ಪೇಟೆಯ ಜವಳಿ ಅಂಗಡಿಯೊಂದಕ್ಕೆ ಒಳಲಂಗದ ಅಂಚು ಹಾಕಿಕೊಡುತ್ತಿದ್ದರು. ಪಕ್ಕದ ಮನೆಯ ಹುಡುಗ ಒಯ್ದು ಕೊಟ್ಟು ದುಡ್ಡು ತರುತ್ತಿದ್ದನಂತೆ. 1974ರ ಜೂನ್ ತಿಂಗಳ ಪುಟದಲ್ಲಿ ಆ ಲೇಸಿನ ಸಾಲುಗಳೆಲ್ಲ ಕೂಡಿಸಿ ಕೆಳಗೆ 'ಕಾಲೇಜು ಫೀಜು' ಎಂದು ಬರೆದಿದೆ. ನನ್ನದೇ. ನಾನು ಚರ್ಚಾಸ್ಪರ್ಧೆಯಲ್ಲಿ ಬೈದದ್ದು ಯಾವುದನ್ನು ಎಂಬುದು ನನಗೆ ಗೊತ್ತಾದದ್ದು ಆ ದಿನ. ಅಮ್ಮನನ್ನು ತ್ಯಾಗಮಯಿ ಎಂದು ಹೊಗಳುವ ಉದ್ದೇಶ ನನಗಿಲ್ಲ. ಆಕೆ ತ್ಯಾಗ ಮಾಡಿದ್ದಲ್ಲ, ಕೆಲಸ ಮಾಡಿದ್ದು. ಗಜಕ್ಕೆ ಎಷ್ಟೆಂದು ಅಂಗಡಿಯವನು ಹೇಳಿದಷ್ಟಕ್ಕೇ ಮಾಡಿದರು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಕೆಲಸಕ್ಕೆ ಚೌಕಾಸಿ ಮಾಡುವುದು ಹೇಗೆ?

ನನ್ನ ಓರಗೆಯ ಓದಿದ ಹೆಂಗಸರೂ ಈ ಪಾಪದಲ್ಲಿ ಪಾಲುದಾರರು ಎನ್ನಲು ಇದಿಷ್ಟು ಹೇಳಿದೆ. ಅಂಗಡಿಯವನು ಅದನ್ನು ಕಾಲಹರಣ ಎಂದ, ನಾವು ಗುಲಾಮಗಿರಿ ಎಂದೆವು. ಕೂಲಿ ಎಷ್ಟು ಎಂದು ಇಬ್ಬರೂ ಕೇಳಲಿಲ್ಲ.

ಕೇಳಿದವರು ಇಲ್ಲದಿಲ್ಲ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಸುತ್ತಮುತ್ತ ಕ್ರೋಶಾ ಲೇಸು ಹತ್ತೊಂಬತ್ತನೆಯ ಶತಮಾನದಿಂದಲೂ ನಡೆದು ಬಂದ ಕಸಬು, ಪಾದ್ರಿಗಳ ಮನೆಯ ಹೆಂಗಸರು ಕಲಿಸಿಕೊಟ್ಟದ್ದು. ಅಲ್ಲಿಗೆ ಮರಿಯಾ ಮೀಸ್ ಎಂಬ ಜರ್ಮನ್ ವಿದ್ವಾಂಸೆ ಬಂದು, ಹೆಂಗಸರ ಜೊತೆ ಕೂತು, 1982ರಲ್ಲಿ ಒಂದು ಪುಸ್ತಕ ಬರೆದರು. ಲೇಸು ವಿದೇಶಕ್ಕೆ ಹೋಗುತ್ತಿತ್ತು, ವ್ಯಾಪಾರಿಗಳು ಗಂಡಸರು, ಮಾಡುವವರು ಮನೆಯ ಹೆಂಗಸರು. ಮನೆಗೆಲಸದ ಮೇಲೆ ದಿನಕ್ಕೆ ಆರೆಂಟು ಗಂಟೆ ಲೇಸು ಹಾಕುವವರನ್ನು ಊರೆಲ್ಲ 'ಗೃಹಿಣಿಯರು, ಬಿಡುವಿನಲ್ಲಿ ಮಾಡುತ್ತಾರೆ' ಎನ್ನುತ್ತಿತ್ತು. ಹಾಗೆ ಅನ್ನುವುದರಿಂದಲೇ ಕೂಲಿಯನ್ನು ಅಷ್ಟು ಕೆಳಗೆ ಇಡಲು ಸಾಧ್ಯವಾಯಿತು ಎಂಬುದು ಆಕೆಯ ವಾದದ ತಿರುಳು. ಓದುವಾಗ ನನಗೆ ನರಸಾಪುರ ಕಾಣಲೇ ಇಲ್ಲ, ಅರಸೀಕೆರೆಯ ನಮ್ಮ ಬಾಗಿಲೇ ಕಂಡಿತು. 2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸಂತೋಷ. ಊರಿನ ಹೆಸರಿಗೆ ಮಾನ್ಯತೆ ಕೊಟ್ಟ ಕಾಗದದಲ್ಲಿ ಕೂಲಿಯ ದರ ಬರೆಯುವ ಪದ್ಧತಿ ಇಲ್ಲ.

ಅದಕ್ಕೂ ಹಿಂದಕ್ಕೆ ಹೋದರೆ ಐರ್ಲೆಂಡು. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಬರ ಬಂದಾಗ ಕ್ರೈಸ್ತ ಸಂನ್ಯಾಸಿನಿಯರ ಮಠಗಳಲ್ಲಿ, ಪಾದ್ರಿಗಳ ಮನೆಗಳಲ್ಲಿ ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ವೆನಿಸ್ಸಿನ ಸೂಜಿಲೇಸಿಗೆ ತಿಂಗಳುಗಟ್ಟಲೆ ಬೇಕು, ಕ್ರೋಶಾದಲ್ಲಿ ಅದೇ ಚೆಂದ ಬೇಗ ಬರುತ್ತದೆ. ಆ ಲೇಸು ಶ್ರೀಮಂತರ ಕೊರಳಪಟ್ಟಿಗೆ ಹೋಯಿತು, ಬಂದ ಕಾಸಿನಿಂದ ಎಷ್ಟೋ ಸಂಸಾರಗಳ ಹೊಟ್ಟೆಗೆ ಹಿಟ್ಟು ಬಂತು. ಈ ಕಸಬಿನ ಜಾತಕದಲ್ಲೇ ಹಸಿವಿದೆ. ಅದಕ್ಕೆ ಟೈಂಪಾಸು ಎಂದು ಹೆಸರಿಡುವವರಿಗೆ ಏನೆನ್ನಬೇಕು?

ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿಯದು. ಕ್ರೋಶಾವನ್ನು ಯಂತ್ರದಲ್ಲಿ ಮಾಡಲು ಬರುವುದಿಲ್ಲ. ಸ್ವೆಟರು ಹೆಣೆಯುವ ಯಂತ್ರ ಇದೆ, ಏಕೆಂದರೆ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಸಾಲಾಗಿ ತೆರೆದು ನಿಂತಿರುತ್ತವೆ, ಸಾಲು ಸೂಜಿಗಳು ಅವನ್ನು ಹಿಡಿಯಬಲ್ಲವು. ಕ್ರೋಶಾದಲ್ಲಿ ಒಂದು ಕುಣಿಕೆ ಮುಗಿಸಿಯೇ ಇನ್ನೊಂದು. ಕಡ್ಡಿ ಮೇಲಕ್ಕೂ ಹೋಗುತ್ತದೆ, ಪಕ್ಕಕ್ಕೂ ಹೋಗುತ್ತದೆ, ಹಿಂದಿನ ಸಾಲಿಗೂ ಇಳಿಯುತ್ತದೆ. ಮೀಟರಿನ ಲೆಕ್ಕದಲ್ಲಿ 'ಕ್ರೋಶಾ ಲೇಸು' ಎಂದು ಮಾರುವ ಯಂತ್ರದ ಪಟ್ಟಿ ಇದೆಯಲ್ಲ, ಅದು ನೋಡಲು ಹಾಗೆ ಕಾಣುವ ಬೇರೆ ಜಾತಿಯ ಹೆಣಿಗೆ. ಹಾಗಾಗಿ ನಿಜವಾದ ಕ್ರೋಶಾ ಎಲ್ಲೇ ಕಾಣಲಿ, ದೊಡ್ಡ ಮಾಲಿನಲ್ಲಿ ನೂರು ರೂಪಾಯಿಯ ಚೀಲದ ಮೇಲಿರಲಿ, ಜಾತ್ರೆಯ ಬಾಗಿಲ ತೋರಣದಲ್ಲಿರಲಿ, ಅದರ ಪ್ರತಿ ಕುಣಿಕೆಯೂ ಯಾರದೋ ಬೆರಳಿನ ಮೇಲೆ ಹಾದು ಬಂದಿದೆ. ಬೆಲೆ ಅಗ್ಗವಾಗಿದ್ದರೆ ಯಂತ್ರ ಅಗ್ಗ ಮಾಡಿತು ಎನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಆ ಬೆರಳಿಗೆ ಸಲ್ಲಬೇಕಾದದ್ದರಲ್ಲಿ ಯಾರೋ ಕತ್ತರಿ ಆಡಿಸಿದ್ದಾರೆ.

ಇಷ್ಟು ಹೇಳಿದರೆ ಬರುವ ಉತ್ತರಗಳು ನನಗೆ ಬಾಯಿಪಾಠ. ಮನೆಯಲ್ಲೇ ಕೂತು ಮಾಡುತ್ತಾರಲ್ಲ ಎನ್ನುವುದು ಮೊದಲನೆಯದು. ಹೌದು, ಮನೆಯಲ್ಲೇ. ಅಂದರೆ ಅಂಗಡಿಯವನಿಗೆ ಜಾಗದ ಬಾಡಿಗೆ ಉಳಿಯಿತು, ದೀಪದ ಖರ್ಚು ಉಳಿಯಿತು, ಕುರ್ಚಿ ಉಳಿಯಿತು. ಇದಕ್ಕೆ ಕೂಲಿ ಹೆಚ್ಚಾಗಬೇಕೋ ಕಡಿಮೆಯಾಗಬೇಕೋ? ಕಲೆಗೆ ಬೆಲೆ ಕಟ್ಟಲಾಗುವುದಿಲ್ಲ ಎನ್ನುವುದು ಇನ್ನೊಂದು, ಇದು ಬಹಳ ನಯವಾದದ್ದು. ಸಮಾರಂಭಗಳಲ್ಲಿ ಹಾರ ಹಾಕಿಸಿಕೊಂಡವರು ಹೇಳುತ್ತಾರೆ. ಬೆಲೆ ಕಟ್ಟಲಾಗದು ಎಂದು 180 ರೂಪಾಯಿ ಕಟ್ಟಿದ್ದಾರೆ ನೋಡಿ! ಸೀರೆಯ ನೇಯ್ಗೆಗೂ ಕಲೆ ಎನ್ನುತ್ತಾರೆ, ಆದರೆ ಅದಕ್ಕೆ ಬಿಲ್ಲಿನಲ್ಲಿ ಜಾಗ ಇದೆ. ಮೂರನೆಯ ಮಾತು ಮಾತ್ರ ನಿಜವಾಗಿ ಗಟ್ಟಿ: ಇವಳು ಜಾಸ್ತಿ ಕೇಳಿದರೆ ಪಕ್ಕದ ಬೀದಿಯವಳು ಇನ್ನೂ ಕಡಿಮೆಗೆ ಮಾಡುತ್ತಾಳೆ. ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಆದರೆ ಉತ್ತರವೇ ಇಲ್ಲವೆಂದಲ್ಲ, ನಮ್ಮ ರಾಜ್ಯದಲ್ಲೇ ಒಂದಿದೆ.

ದಕ್ಷಿಣ ಕನ್ನಡದ ಮನೆಮನೆಯ ಜಗಲಿಯಲ್ಲಿ ಹೆಂಗಸರು ಬೀಡಿ ಕಟ್ಟುತ್ತಿದ್ದದ್ದನ್ನು ನೋಡಿದವರಿಗೆ ಗೊತ್ತು. ಅವರೂ ಮನೆಯಲ್ಲೇ ಕೂತವರು, ಅಡಿಗೆಯ ನಡುವೆ, ಮಗುವಿನ ತೊಟ್ಟಿಲ ಪಕ್ಕ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದಾಗ, ಮಾಲೀಕನೋ ಗುತ್ತಿಗೆದಾರನೋ ಕೊಟ್ಟ ಎಲೆ, ತಂಬಾಕು ಪಡೆದು ಮನೆಯಲ್ಲಿ ಬೀಡಿ ಕಟ್ಟುವವರೂ ಕಾರ್ಮಿಕರೇ ಎಂದು ಅದು ಬರೆಯಿತು. ಮಾಲೀಕರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಸಾವಿರ ಬೀಡಿಗೆ ಇಷ್ಟು ಎಂಬ ದರ, ಎಣಿಕೆಯ ಪುಸ್ತಕ, ಭವಿಷ್ಯನಿಧಿ, ಗುರುತಿನ ಚೀಟಿ, ಇವೆಲ್ಲ ಸಂಘ ಕಟ್ಟಿ ಜಗಳವಾಡಿದ್ದರಿಂದ ಬಂದವು. ಬೀಡಿ ಕಟ್ಟುವವರು ಸುಖವಾಗಿದ್ದರು ಎಂದು ನಾನು ಹೇಳುತ್ತಿಲ್ಲ. ತಂಬಾಕಿನ ದೂಳು ಕುಡಿದು ಕೆಮ್ಮಿದವರನ್ನು ಕಂಡಿದ್ದೇನೆ. ಆದರೆ ಅವರಿಗೆ ಯಾರೂ 'ಟೈಂಪಾಸಿಗೆ ಬೀಡಿ ಕಟ್ಟುತ್ತೀರಿ' ಎನ್ನಲಿಲ್ಲ. ಹೊಗೆಯಾಗಿ ಹೋಗುವ ವಸ್ತು ಮಾಡುವವಳು ಕಾರ್ಮಿಕಳು, ಸೀರೆಯ ಅಂಚು ಕಾಯುವವಳು ಗೃಹಿಣಿ. ಇದರ ತರ್ಕವನ್ನು ನನಗೆ ಯಾರಾದರೂ ತಿಳಿಸಿಕೊಟ್ಟರೆ ಉಪಕಾರವಾದೀತು. 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ತುಂಡುಗೆಲಸಕ್ಕೂ ಕನಿಷ್ಠ ದರ ಗೊತ್ತುಮಾಡಲು ಅವಕಾಶವಿತ್ತು. ಮನೆಯಲ್ಲಿ ಕೂತು ದುಡಿಯುವವರನ್ನು ಕುರಿತು 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಂದು ಒಪ್ಪಂದವನ್ನೇ ಮಾಡಿತು, ನಮ್ಮ ದೇಶ ಅದಕ್ಕೆ ರುಜು ಹಾಕಲಿಲ್ಲ. ಅಹಮದಾಬಾದಿನಲ್ಲಿ ಇಳಾ ಭಟ್ಟರು 1972ರಲ್ಲಿ ಕಟ್ಟಿದ 'ಸೇವಾ' ಸಂಘದ ಹೆಂಗಸರು ಇಂಥ ಒಪ್ಪಂದ ಬೇಕೆಂದು ದನಿ ಎತ್ತಿದವರಲ್ಲಿ ಮುಂದಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಕಾನೂನಿನ ದಾರಿ ಉದ್ದ, ನನ್ನ ವಯಸ್ಸಿಗೆ ಅದರ ಕೊನೆ ಕಾಣುವುದಿಲ್ಲ.

ನಮ್ಮ ಕೈಯಳತೆಯಲ್ಲಿರುವುದು ಬಿಲ್ಲು. ಅಂಗಡಿಯವರು ಕುಚ್ಚಿನ ಕೂಲಿಯನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಯಲಿ. ಉಚಿತ ಕೊಡುವ ಉದಾರ ಮನಸ್ಸಿದ್ದರೆ ತಮ್ಮ ಲಾಭದಲ್ಲಿ ಅಷ್ಟು ಕಳೆದು ಕೊಡಲಿ, ಅವಳ ಕೂಲಿಯಲ್ಲಿ ಕೊಡುವುದು ಬೇಡ. ಮತ್ತೆ ನಾವು, ಸೀರೆಗೆ ಹತ್ತು ಸಾವಿರ ಎಣಿಸಿ ಕುಚ್ಚಿಗೆ ಐವತ್ತು ರೂಪಾಯಿ ಇಳಿಸು ಎಂದು ಹಟ ಹಿಡಿಯುವ ನಾವು. ನಾನೂ ಹಿಡಿದಿದ್ದೇನೆ. ನನ್ನ ಮಗಳ ಮದುವೆಯಲ್ಲಿ ಆರು ಸೀರೆಯ ಕುಚ್ಚಿಗೆ 'ಒಟ್ಟಿಗೆ ಕೊಟ್ಟಿದೀನಲ್ಲ, ಒಂದರದ್ದು ಬಿಟ್ಟುಬಿಡು' ಎಂದು ಒಬ್ಬಾಕೆಗೆ ಹೇಳಿ, ಬಿಡಿಸಿಕೊಂಡು, ಗೆದ್ದೆನೆಂದು ಮನೆಗೆ ಬಂದವಳು ನಾನೇ. ಐದೂವರೆ ಗಂಟೆ! ಈಗ ಅವರ ಮನೆ ಎಲ್ಲಿದೆಯೋ ತಿಳಿಯದು, ಹುಡುಕಿದೆ, ಸಿಗಲಿಲ್ಲ.

ನನ್ನ ವಿದ್ಯಾರ್ಥಿನಿಯ ವಿಷಯ ಹೇಳಿ ಮುಗಿಸುತ್ತೇನೆ. ಆ ಬೀದಿಯಲ್ಲಿ, ಪಕ್ಕದ ಎರಡು ಬೀದಿಗಳಲ್ಲಿ ಕುಚ್ಚು ಹಾಕುವವರು ಒಟ್ಟು ಒಂಬತ್ತು ಜನ ಇದ್ದಾರೆ. ಒಂದು ಭಾನುವಾರ ನಮ್ಮ ಮನೆಯ ವರಾಂಡದಲ್ಲಿ ಏಳು ಜನ ಸೇರಿದ್ದರು. ಇಬ್ಬರು ಬರಲಿಲ್ಲ, ಒಬ್ಬಳ ಗಂಡ ಒಪ್ಪಲಿಲ್ಲ, ಇನ್ನೊಬ್ಬಳಿಗೆ ಅಂಗಡಿಯವನ ಮುಂಗಡ ಸಾಲ ಇದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಯಾವ ನಮೂನೆಗೆ ಎಷ್ಟು ಗಂಟೆ, ಎಷ್ಟು ದಾರ, ಎಷ್ಟು ರೂಪಾಯಿ ಎಂದು ಪಟ್ಟಿ ಮಾಡಿದರು. ಲೆಕ್ಕವೆಲ್ಲ ಅವಳದೇ. ಸಾದಾ ಎರಡು ಸಾಲಿಗೆ ಕಡಿಮೆ, ಮಣಿಯ ಮೂರು ಸಾಲಿಗೆ 400. ನಾನು 450 ಬರೆಯಿರಿ ಎಂದೆ. "ಬೇಡ ಮೇಡಂ, ಕೊಡೋದನ್ನೇ ಬರೀಬೇಕು" ಎಂದು ನನ್ನ ಬಾಯಿ ಮುಚ್ಚಿಸಿದಳು.

ಪಟ್ಟಿ ತೋರಿಸಿದ ವಾರವೇ ಒಂದು ಅಂಗಡಿ ಅವಳಿಗೆ ಸೀರೆ ಕಳಿಸುವುದನ್ನು ನಿಲ್ಲಿಸಿತು. ಇನ್ನೊಂದು 280ಕ್ಕೆ ಬಂದು ನಿಂತಿದೆ, ದಾರವನ್ನು ತಾನೇ ಕೊಡುತ್ತೇನೆ ಎನ್ನುತ್ತಿದೆ. ಮೊನ್ನೆ ಹೋದಾಗ ಅವಳು ಆ ದಾರದ ಉಂಡೆಯನ್ನು ಬೆಳಕಿಗೆ ಹಿಡಿದು ಎಳೆ ಬಿಡಿಸಿ ನೋಡುತ್ತಿದ್ದಳು. "ಬಣ್ಣ ಬಿಡುತ್ತೆ ಮೇಡಂ ಇದು, ಸೆರಗೆಲ್ಲ ಕೆಂಪಾಗುತ್ತೆ. ಬೇರೆ ಕಳಿಸಿ ಅಂತ ವಾಪಸ್ ಕಟ್ಟಿಟ್ಟಿದೀನಿ" ಎಂದಳು. ಉಂಡೆಯನ್ನು ಚೀಲಕ್ಕೆ ಹಾಕಿ, ಒಲೆಯ ಮೇಲಿದ್ದ ಕುಕ್ಕರು ಇಳಿಸಲು ಎದ್ದು ಹೋದಳು.